ಹತ್ತಿ ಪೇಟೆಯಲ್ಲಿ ಡಚ್ ಪುರಾಣ

ವಾಚನಾಲಯದ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಬಂದವರು ಮೊದಲು ಹೇಳುವ ಮಾತು ಒಂದೇ: "ನಿಮ್ಮ ನೌಕರಿ ಛಲೋ ಇತ್ತು ಬಿಡ್ರಿ, ದಿನಾ ಪುಸ್ತಕ ಓದಕೋತ ಕುಂಡ್ರೂದು." ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುತ್ತ ಕೂತರೆ ಅಂಗಡಿ ಮುಳುಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹುಬ್ಬಳ್ಳಿಯ ಆ ಹಳೆಯ ಕಟ್ಟಡದಲ್ಲಿ ನಾನು ಓದಿದ್ದಕ್ಕಿಂತ ಧೂಳು ಜಾಡಿಸಿದ್ದು ಹೆಚ್ಚು. ಗೆದ್ದಲಿನೊಡನೆ ಬಡಿದಾಡಿದ್ದೇನೆ. ದಿನಪತ್ರಿಕೆಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಕೂಡುವ ದೊಡ್ಡ ಮನುಷ್ಯರನ್ನು ನಯವಾಗಿ ಎಬ್ಬಿಸಿದ್ದೇನೆ. ಆ ನಯವೇ ಈ ಉದ್ಯೋಗದ ಅರ್ಧ ವಿದ್ಯೆ. ಉಳಿದ ಅರ್ಧ ಏನು ಎಂಬುದಕ್ಕೆ ಒಂದು ಡಚ್ ಪುಸ್ತಕದ ಕಥೆಯನ್ನೇ ಹೇಳಬೇಕಾಗುತ್ತದೆ.

ನಮ್ಮ ವಾಚನಾಲಯ ಹತ್ತಿ ವ್ಯಾಪಾರಸ್ಥರು ಕೂಡಿ ಕಟ್ಟಿಸಿದ್ದು. ಗುರುಸಿದ್ದಪ್ಪನವರು ಅದರ ಅಧ್ಯಕ್ಷರು. ಅವರು ಪುಸ್ತಕ ಓದಿದ್ದನ್ನು ನಾನು ಕಾಣೆ. ಆದರೆ ಪುಸ್ತಕ ಕೈಯಿಂದ ಜಾರಿ ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕೆಲಸ ಕೇಳಲು ಹೋದಾಗ ಅವರು ನನ್ನ ಪರೀಕ್ಷೆಯ ಕಾಗದ ಬಿಚ್ಚಿಯೂ ನೋಡಲಿಲ್ಲ.

"ಅಮ್ಮಿನಬಾವ್ಯಾಗ ಪುರಾಣ ಓದ್ತಾರಲ್ಲ, ಅವರ ಮಗ ಏನು ನೀ?"

"ಹೌದ್ರಿ ಸಾವಕಾರ್ರ."

"ಹಂಗಾರ ಇದನ್ನಿಷ್ಟ ಓದು" ಎಂದು ಅಂದಿನ ಪತ್ರಿಕೆ ಕೊಟ್ಟರು. ನಾನು ಮುಂಬಯಿಯ ಹತ್ತಿ ಧಾರಣೆಯನ್ನು ಓದತೊಡಗಿದೆ. ಅವರು ಎದ್ದು ಹೋಗಿ ಚಕ್ಕಡಿಗಳು ಓಡಾಡುವ ಬೀದಿ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. "ಇಲ್ಲೀಮಟ ಕೇಳತೈತಿ. ನಾಳಿಂದ ಬಾ" ಎಂದರು. ಅಷ್ಟೇ ನನ್ನ ಪರೀಕ್ಷೆ.

ಕಾರಣವಿತ್ತು. ಆಗ ನಮ್ಮ ಓದುಗರಲ್ಲಿ ಅರ್ಧ ಜನಕ್ಕೆ ಓದಲು ಬರುತ್ತಿರಲಿಲ್ಲ. ಕೇಳಿ ನಗಬೇಡಿ. ಸಂಜೆ ಕೆಲಸ ಬಿಟ್ಟ ಹಮಾಲರು, ಚಕ್ಕಡಿಯವರು ಬಂದು ನೆಲದ ಮೇಲೆ ಕೂಡುತ್ತಿದ್ದರು. ನಾನು ಗಟ್ಟಿಯಾಗಿ ಪತ್ರಿಕೆ ಓದಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಅರ್ಥ ಬಿಡಿಸಿ ಹೇಳಬೇಕು. ನಮ್ಮ ಊರುಗಳಲ್ಲಿ ಪುರಾಣ ಹೇಳುವ ಪದ್ಧತಿಯೂ ಇದೇ: ಓದುವವರು ಒಬ್ಬರು, ಅರ್ಥ ಹೇಳುವವರು ಒಬ್ಬರು. ಅರ್ಥ ಹೇಳಲು ಸಾಮಾನ್ಯವಾಗಿ ನಮ್ಮ ಪುಸ್ತಕಗಳಿಗೆ ರಟ್ಟು ಕಟ್ಟುವ ಹುಸೇನಸಾಬರೇ ಕೂಡುತ್ತಿದ್ದರು. ಜಗತ್ತಿನ ಯಾವ ಸುದ್ದಿ ಕೊಟ್ಟರೂ ಅದನ್ನು ಹುಬ್ಬಳ್ಳಿಯ ಓಣಿಯಲ್ಲೇ ನಡೆದದ್ದು ಅನ್ನುವ ಹಾಗೆ ಹೇಳುವ ಕಲೆ ಅವರಿಗಿತ್ತು.

ಮೊದಲ ವರ್ಷ ನಾನು ಪುಸ್ತಕಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ದೆ. ದೊಡ್ಡವು ಕೆಳಗೆ, ಸಣ್ಣವು ಮೇಲೆ, ಕೆಂಪು ರಟ್ಟು ಒಂದು ಕಡೆ, ಹಸಿರು ಒಂದು ಕಡೆ. ಗುರುಸಿದ್ದಪ್ಪನವರು ನೋಡಿ, "ಅರಿವಿ ಅಂಗಡಿ ಕಂಡಂಗ ಕಾಣತೈತಿ" ಎಂದು ಬೆನ್ನು ತಟ್ಟಿದರು. ವೈದ್ಯದ ಪುಸ್ತಕ ಕೇಳಿದವರಿಗೆ ನಾನು ಪಾಕಶಾಸ್ತ್ರ ಕೊಟ್ಟ ಮೇಲೆ ಆ ಚಂದ ಮುಗಿಯಿತು. ಈಗ ನಿಮಗೆ ವರ್ಗಸಂಖ್ಯೆ ಇದೆ, ಕಾರ್ಡು ಇದೆ. ನಮಗಿದ್ದದ್ದು ನೆನಪು ಮತ್ತು ಏಣಿ.

ಈ ಜೋಡಣೆಯ ಕಾಲದಲ್ಲೇ ವಿಲ್ಲೆಮ್ ಸಾಹೇಬರ ಪೆಟ್ಟಿಗೆ ಬಂತು. ವಿಲ್ಲೆಮ್ ಸಾಹೇಬರು ಹಾಲೆಂಡಿನವರು. ಪರದೇಶದ ಒಂದು ಅರಳೆ ಕಂಪನಿಯಿಂದ ಬಂದು, ಕೇಶ್ವಾಪುರದಲ್ಲಿ ಮನೆ ಹಿಡಿದು, ಹುಬ್ಬಳ್ಳಿಯ ಧೂಳಿನಲ್ಲೇ ಅರ್ಧ ಆಯುಷ್ಯ ಕಳೆದಿದ್ದರು. ಅರಳೆಯ ಎಳೆ ಎಳೆದು ನೋಡಿ ಅದರ ದರ್ಜೆ ಹೇಳುವುದು ಅವರ ಕಸುಬು. ಮದುವೆಯಾಗಿರಲಿಲ್ಲ. ಅವರ ಕನ್ನಡವೆಲ್ಲ ಪೇಟೆಯಲ್ಲಿ ಕಲಿತದ್ದು. ಬೈಗುಳ ಮೊದಲು ಬಂತು, ಮರ್ಯಾದೆ ಆಮೇಲೆ ಬಂತು ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಕಣ್ಣು ಮಂಜಾಗತೊಡಗಿ ಸಣ್ಣ ಅಕ್ಷರ ಕಾಣದಂತಾದಾಗ, ತಮ್ಮ ಪುಸ್ತಕಗಳನ್ನೆಲ್ಲ ನಮಗೆ ಕಳಿಸಿಕೊಟ್ಟರು.

ಅಕ್ಷರ ಇಂಗ್ಲಿಷಿನವು. ನಾನು ಹಿಂದೆಮುಂದೆ ನೋಡದೆ ಇಂಗ್ಲಿಷ್ ಕಪಾಟಿನಲ್ಲಿ ಏರಿಸಿದೆ. ಒಬ್ಬ ವಕೀಲರು ಒಂದನ್ನು ಮನೆಗೆ ಒಯ್ದು, ವಾರದ ಮೇಲೆ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. "ಏನ್ರಿ ಇದು, ಒಂದ ಸಾಲಿನ್ಯಾಗ ಹತ್ತ ತಪ್ಪು! ಎಂಥಾ ಛಾಪಖಾನಿ ಇದು?" ಎಂದು ರೇಗಿದರು. ವಾರವೆಲ್ಲ ಕೂತು ಅವರು ಆ ತಪ್ಪುಗಳನ್ನು ಪೆನ್ಸಿಲಿನಿಂದ ತಿದ್ದಿಯೂ ಇದ್ದರು! ಪುಸ್ತಕ ತೆಗೆದುಕೊಂಡು ನಾನು ಕೇಶ್ವಾಪುರಕ್ಕೆ ಹೋದೆ. ಸಾಹೇಬರು ತಿದ್ದುಪಡಿಯ ವಿಷಯ ಕೇಳಿ ಕುರ್ಚಿಯಲ್ಲಿ ಬಿದ್ದು ಬಿದ್ದು ನಕ್ಕರು. ಆಮೇಲೆ, "ಇದು ನಮ್ಮ ಮಾತು. ಕಲೀತೀರೇನು?" ಎಂದು ಕೇಳಿದರು. ಯಾಕೆ ಹೂಂ ಅಂದೆನೋ ಗೊತ್ತಿಲ್ಲ. ನನ್ನ ಕಪಾಟಿನಲ್ಲಿ ನಾನು ಓದಲಾಗದ ಪುಸ್ತಕ ಇದೆ ಎನ್ನುವುದು ಮನೆಯಲ್ಲಿ ಕೀಲಿ ಸಿಗದ ಕೋಣೆ ಇದ್ದಂತೆ ಕಾಡುತ್ತಿತ್ತು.

ಅವರು ಕಲಿಸಿದ ರೀತಿ ಯಾವ ಶಾಲೆಯಲ್ಲೂ ಇರಲಿಕ್ಕಿಲ್ಲ. "ಅರಳಿ ನೋಡೂ ಮುಂದ ಹತ್ತಿ ಅಂಡಿಗಿ ಪೂರಾ ಬಿಚ್ಚೂದಿಲ್ರಿ. ಒಂದ ಹಿಡಿ ಹಿರದ ತಗೀಬೇಕು, ಎಳಿ ಎಳಿ ಬಿಡಸಬೇಕು" ಎನ್ನುತ್ತಿದ್ದರು. ಹಾಗೆಯೇ ಪುಸ್ತಕದ ನಡುವಿನಿಂದ ಒಂದು ವಾಕ್ಯ ಹಿರಿದು ಕೊಡುವರು. ಪೆಟ್ಟಿಗೆಯಲ್ಲಿದ್ದ ಡಚ್–ಇಂಗ್ಲಿಷ್ ಕೋಶ ಹಿಡಿದುಕೊಂಡು ನಾನು ಅದನ್ನು ಎಳೆ ಎಳೆಯಾಗಿ ಬಿಡಿಸಿಕೊಂಡು ಹೋಗಿ ಒಪ್ಪಿಸಬೇಕು. ವಾಕ್ಯ ಉದ್ದವಾದಾಗ ಅದರ ಕ್ರಿಯಾಪದ ನಮ್ಮ ಕನ್ನಡದ ಹಾಗೆ ಕೊನೆಗೆ ಹೋಗಿ ಕೂಡುವುದನ್ನು ಕಂಡು ನನಗೆ ನೆಂಟರ ಮನೆ ಸಿಕ್ಕಷ್ಟು ಸಂತೋಷವಾಗಿತ್ತು. ಆದರೆ ಗಂಟಲಿನಿಂದ ಕೆರೆದು ತೆಗೆಯುವ ಒಂದು ಧ್ವನಿ ಮಾತ್ರ ನನಗೆ ಒಲಿಯಲಿಲ್ಲ. ಅದನ್ನು ಕಲಿಸಿದವರು ಹುಸೇನಸಾಬರು. "ರುದ್ರಪ್ಪಣ್ಣ, ಇದರಾಗೇನೈತಿ? ಖುದಾ ಅನ್ನು, ಖಬರ್ ಅನ್ನು, ಗಂಟಲಾ ತಾನ ಕಲೀತೈತಿ" ಎಂದರು. ಸಾಹೇಬರು ಕೇಳಿ ಅದೇ ಸರಿ ಎಂದರು. ಹೀಗೆ ನನ್ನ ಡಚ್ಚಿಗೆ ಅರ್ಧ ಗುರು ಹಾಲೆಂಡಿನವರು, ಇನ್ನರ್ಧ ಹಳೇ ಹುಬ್ಬಳ್ಳಿಯವರು.

ಆ ಪುಸ್ತಕಗಳ ಬಗ್ಗೆ ಏನು ಹೇಳಲಿ! ಮೊದಮೊದಲು ನನಗೆ ನಿರಾಶೆಯೇ ಆಗಿತ್ತು. ಪುರಾಣದ ಮನೆಯಲ್ಲಿ ಬೆಳೆದವನು ನಾನು. ಕಥೆ ಅಂದಮೇಲೆ ಶಾಪ ಬೇಕು, ಯುದ್ಧ ಬೇಕು. ಇಲ್ಲಿ ನೋಡಿದರೆ ಒಬ್ಬ ಗುಮಾಸ್ತ ದಿನದ ಹಾದಿ ಬಿಟ್ಟು ಬೇರೆ ಬೀದಿಯಿಂದ ಮನೆಗೆ ಹೋಗುತ್ತಾನೆ, ಅದೇ ಕಥೆ. ಒಬ್ಬ ಹೆಂಗಸು ಕಿಟಕಿಯ ಗಾಜು ಒರೆಸುತ್ತಾಳೆ, ಅದಕ್ಕೆ ಮೂರು ಪುಟ. ಅರೆ, ಇವರಿಗೆ ಬೇರೆ ಕೆಲಸವಿಲ್ಲವೇ ಅನ್ನಿಸುತ್ತಿತ್ತು. ಆದರೆ ಆ ಮೂರು ಪುಟ ಓದಿ ಮುಗಿಸುವ ಹೊತ್ತಿಗೆ ಗಾಜಿನ ಆಚೆ ಬೀಳುವ ಮಳೆ, ಆಕೆ ಕಾಯುತ್ತಿರುವ ಮನುಷ್ಯ, ಅವನು ಬರಲಾರ ಎಂಬುದು ಎಲ್ಲ ತಿಳಿದುಬಿಡುತ್ತಿತ್ತು. ಯಾರೂ ಅಳುತ್ತಿರಲಿಲ್ಲ. ಕಣ್ಣೀರನ್ನು ನಮಗೇ ಬಿಟ್ಟುಬಿಡುವ ಆ ಸಂಕೋಚದ ಬರಹಕ್ಕೆ ನಾನು ಮನಸೋತೆ. ನಮ್ಮ ಕಡೆಯ ಕರಿಮಣ್ಣಿನ ಹೊಲದಲ್ಲಿ ಮಳೆನೀರು ನಿಲ್ಲಲಿ ಎಂದು ಒಡ್ಡು ಹಾಕುತ್ತೇವೆ, ಅವರು ಸಮುದ್ರ ಒಳಗೆ ಬಾರದಿರಲಿ ಎಂದು ಒಡ್ಡು ಹಾಕಿದ್ದಾರೆ. ಅವರ ಗದ್ಯವೂ ಅಂಥದೇ. ದುಃಖವೆಲ್ಲ ಒಡ್ಡಿನ ಆಚೆಗೆ ನಿಂತಿರುತ್ತದೆ. ಇಂದಿಗೂ ಆ ಬರಹಗಾರರ ಬಗ್ಗೆ ನನಗೆ ಇರುವ ಗೌರವ ಕಡಿಮೆಯಾಗಿಲ್ಲ.

ಮುಂದೆ ದೊಡ್ಡ ಯುದ್ಧ ಬಂತು. ಜರ್ಮನ್ನರು ಹಾಲೆಂಡನ್ನು ಹಿಡಿದ ಸುದ್ದಿಯನ್ನು ಆ ಸಂಜೆ ಓದಿದವನು ನಾನೇ. ಸಾಹೇಬರಿಗೆ ಊರಿನಿಂದ ಟಪಾಲು ಬರುವುದು ನಿಂತುಹೋಯಿತು. ಅಲ್ಲಿ ಅವರಿಗಿದ್ದವರು ಮುಪ್ಪಿನ ತಾಯಿ ಒಬ್ಬರೇ. ಬದುಕಿದ್ದಾರೋ ಇಲ್ಲವೋ ತಿಳಿಯದು. ಅದೇ ಕಾಲಕ್ಕೆ ಅವರ ಕಣ್ಣೂ ಪೂರ್ತಿ ಹೋಯಿತು. ಡಾಕ್ಟರು ಒಳಗಿನ ನರವೇ ಒಣಗಿದೆ, ಏನೂ ಮಾಡಲಾಗದು ಎಂದರು. ಕಂಪನಿಯವರು ಊರು ಬಿಟ್ಟು ಹೋದರು, ಇವರು ಹೋಗುವುದೆಲ್ಲಿಗೆ? ಕೇಶ್ವಾಪುರದ ಮನೆಯ ಕಟ್ಟೆಯ ಮೇಲೆ ಬೆರಳಲ್ಲಿ ಅರಳೆಯ ಎಳೆ ತಿರುವುತ್ತ ಕೂತಿರುತ್ತಿದ್ದರು.

ಒಂದು ದಿನ ನಾನು ಹೋದಾಗ ಅವರೇ ಮಾತು ತೆಗೆದರು. "ರುದ್ರಪ್ಪನವರ, ನನ್ನ ಪೆಟಗ್ಯಾಗ ಒಂದ ಕಾದಂಬರಿ ಇತ್ತಲ್ರಿ, ತೂಬು ಕಾಯೂ ಹೆಣಮಗಳದು. ಸಣ್ಣಾಂವ ಇದ್ದಾಗ ನಮ್ಮವ್ವ ಅದನ್ನ ಒಲಿ ಮುಂದ ಕುಂತ ಓದಿ ಹೇಳತಿದ್ದಳು. ಆಕಿ ಮಾರಿ ನನಗ ಕಾಣತೈತ್ರಿ, ಕಣ್ಣ ಹೋದ್ರೂ ಒಳಗ ಕಾಣತೈತಿ. ದನಿ ಹ್ವಾತು. ಎಷ್ಟ ನೆನಸಿದ್ರೂ ದನಿ ಬರವಲ್ದು. ನೀವು ಅದನ್ನ ಓದಿದ್ರ, ಬಂದ್ರೂ ಬರಬಹುದು."

ನನ್ನ ಡಚ್ಚು ಎಷ್ಟರದು? ಆದರೆ ಇಡೀ ಹುಬ್ಬಳ್ಳಿ–ಧಾರವಾಡದಲ್ಲಿ ಆ ಪುಸ್ತಕವನ್ನು ಬಾಯಿಬಿಟ್ಟು ಓದಬಲ್ಲವನು ನಾನೊಬ್ಬನೇ. ಹೇಗೆ ಇಲ್ಲ ಎನ್ನಲಿ? ಒಂದೇ ಪ್ರತಿ ಇರುವ ಪುಸ್ತಕ ಹೊಸ್ತಿಲು ದಾಟಬಾರದು ಎಂಬುದು ನಮ್ಮ ನಿಯಮವಾಗಿತ್ತು. ಅದಕ್ಕೆ ಗುರುಸಿದ್ದಪ್ಪನವರ ಅಪ್ಪಣೆ ಕೇಳಲು ಹೋದೆ.

"ಪುಸ್ತಕ ಹೋಗೂದಿಲ್ಲ" ಎಂದರು ಅವರು ಕಡ್ಡಿ ಮುರಿದಂತೆ. ನನ್ನ ಮುಖ ನೋಡಿ, "ಸಾಹೇಬ್ರ ಬರ್ಲಿ. ಐತವಾರ ಮಧ್ಯಾಹ್ನ ನನ್ನ ಟಾಂಗಾ ಕಳಸ್ತೇನಿ. ಇಲ್ಲೇ ಓದು, ಎಲ್ಲಾರೂ ಕೇಳೂಣು" ಎಂದರು. ಇಂಥ ಅಧ್ಯಕ್ಷರು ನಿಮಗೆ ಸಿಗಲಿ.

ಆ ರವಿವಾರ ಹಮಾಲರೆಲ್ಲ ಎಂದಿನಂತೆ ನೆಲದ ಮೇಲೆ ಕೂತಿದ್ದರು. ಸಾಹೇಬರನ್ನು ಕೈಹಿಡಿದು ತಂದು ಗೋಡೆಗೆ ಒರಗಿಸಿ ಕೂಡಿಸಿದೆವು. ನಾನು ಚಕ್ಕಳಮಕ್ಕಳ ಹಾಕಿ, ಪುಸ್ತಕವನ್ನು ಮಣೆಯ ಮೇಲಿಟ್ಟು, ಕೈಮುಗಿದು ಮೊದಲ ಪುಟ ತೆರೆದೆ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಬಾಯಿ ತೆರೆದೊಡನೆ ಅಪ್ಪನ ಪುರಾಣದ ರಾಗವೇ ಬಂದುಬಿಟ್ಟಿತು! ಹಾಲೆಂಡಿನ ಗದ್ಯವನ್ನು ನಾನು ಎಳೆದು, ಏರಿಸಿ, ಇಳಿಸಿ ಹಾಡತೊಡಗಿದೆ. ಸಾಹೇಬರ ಭುಜ ಅಲುಗಾಡಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ನಿಲ್ಲಿಸಿದೆ. ಅವರು ನಗುತ್ತಿದ್ದರು.

"ನಮ್ಮವ್ವ ಇದನ್ನ ಅಡಗಿಮನ್ಯಾಗ ಓದ್ತಿದ್ದಳ್ರಿ. ನೀವು ಗುಡೀನ ಕಟ್ಟಿಬಿಟ್ರಿ!"

ನಾಚಿಕೆಯಿಂದ ರಾಗ ಬಿಟ್ಟು ಸಪಾಟಾಗಿ ಓದಿದೆ. ಒಂದು ಪುಟ ಕೇಳಿದ ಅವರು ಕೈ ಎತ್ತಿದರು. "ಈಗ ಪೊಲೀಸ ಚೌಕಿ ಆತು. ಬ್ಯಾಡ್ರಿ, ಗುಡೀನ ಛಲೋ ಇತ್ತು. ಹಂಗ ನಡೀಲಿ."

ಅಷ್ಟರಲ್ಲಿ ಹಮಾಲರಲ್ಲಿ ಹಿರಿಯನಾದ ಯಲ್ಲಪ್ಪ ಎದ್ದು ನಿಂತು ನ್ಯಾಯವಾದ ಪ್ರಶ್ನೆ ಕೇಳಿದ. "ಓದೂದು ಬರೋಬ್ಬರಿ ಆತ್ರಿ. ಅರ್ಥಾ ಯಾರ ಹೇಳಾವ್ರು?"

ಎಲ್ಲರೂ ಹುಸೇನಸಾಬರ ಕಡೆ ನೋಡಿದರು. ಹುಸೇನಸಾಬರು ತಾವು ಕೂಡುತ್ತಿದ್ದ ಜಾಗ ಬಿಟ್ಟು ಎದ್ದರು, ಅಲ್ಲಿದ್ದ ಲೋಡುದಿಂಬನ್ನು ಸಾಹೇಬರ ಬೆನ್ನಿಗೆ ಕೊಟ್ಟರು. "ಇವತ್ತಿನಿಂದ ಈ ಗಾದಿ ನಿಮ್ಮದರಿ ಸಾಹೇಬ್ರ. ಹೇಳ್ರಿ ಅರ್ಥಾ" ಎಂದರು.

ಹೀಗೆ ನಮ್ಮ ವಾಚನಾಲಯದಲ್ಲಿ ಡಚ್ ಪುರಾಣ ಸುರುವಾಯಿತು. ಓದುವವನು ಅಮ್ಮಿನಬಾವಿಯವನು, ಅರ್ಥ ಹೇಳುವವರು ಹಾಲೆಂಡಿನವರು, ಅದೂ ಹತ್ತಿ ಪೇಟೆಯ ಕನ್ನಡದಲ್ಲಿ. ಕಥೆ ಸರಳ. ಸಮುದ್ರದ ಒಡ್ಡಿಗೆ ಒಂದು ತೂಬು. ಅದರ ಬಾಗಿಲು ತೆಗೆದು ಮುಚ್ಚುವ ಗಂಡ ತೀರಿಕೊಂಡ ಮೇಲೆ ಹೆಂಡತಿ ಆ ಕೆಲಸ ಹಿಡಿಯುತ್ತಾಳೆ. ಮೂರು ಗಂಡುಮಕ್ಕಳು. ಹೆಣ್ಣಿನಿಂದ ಆಗದು ಎಂದು ಊರಿನ ಹಿರಿಯರು ಅವಳನ್ನು ಬಿಡಿಸಲು ನೋಡುತ್ತಾರೆ. ಯಲ್ಲಪ್ಪನಿಗೆ ಮೊದಲ ದಿನವೇ ಸಿಟ್ಟು ಬಂತು. "ನೀರ ಹೊರಗ ಚೆಲ್ಲಾಕ ಗಾಳಿಯಂತ್ರ ಇಟ್ಟಾರಂತ! ಇಲ್ಲೆ ನಮ್ಮ ಹೆಣಮಕ್ಕಳು ಒಂದ ಕೊಡಾ ನೀರಿಗೆ ಬೆಳತನಕ ಪಾಳಿ ಹಚ್ಚತಾರ. ಒಂದಿಷ್ಟ ಹುಬ್ಬಳ್ಳಿಗೆ ಕಳಸಂತ ಬರೀರಿ ಸಾಹೇಬ್ರ."

ವಾರ ವಾರಕ್ಕೆ ಜನ ಹೆಚ್ಚಿದರು. ಶಿರಗುಪ್ಪಿಯಿಂದ ಹತ್ತಿ ತಂದ ರೈತರು ಚಕ್ಕಡಿ ನಿಲ್ಲಿಸಿ ಒಳಗೆ ಬಂದು ಕೂತದ್ದುಂಟು. ಪ್ರವಾಹದ ಅಧ್ಯಾಯದಲ್ಲಿ ಆ ಹೆಂಗಸು ಬಿರುಗಾಳಿಯಲ್ಲಿ ತೂಬಿನ ಬಾಗಿಲು ಹಾಕುವಾಗ ನನ್ನ ರಾಗ ತಾರಕಕ್ಕೆ ಏರಿತ್ತು. ಸಾಹೇಬರು ಅರ್ಥ ಹೇಳುವುದನ್ನು ಮರೆತು, ಕುರುಡು ಕಣ್ಣು ಅರಳಿಸಿ, ಎರಡೂ ಕೈಯಿಂದ ಗಾಳಿಯಲ್ಲಿ ಬಾಗಿಲು ದೂಡುತ್ತಿದ್ದರು. ಹಮಾಲರು "ಹಾಕ್, ಹಾಕ್ ಅವ್ವಾ!" ಎಂದು ಕೂಗಿದರು. ನನ್ನ ನೌಕರಿಯ ಕಾಲದಲ್ಲಿ ಪುಸ್ತಕವೊಂದು ಇಷ್ಟು ಮಂದಿಯನ್ನು ಒಟ್ಟಿಗೆ ಹಿಡಿದದ್ದನ್ನು ನಾನು ಬೇರೆ ಕಾಣೆ. ಯಾರೂ ಕೇಳದ ಪುಸ್ತಕವನ್ನು ರದ್ದು ಮಾಡಲು ಹೊರಟಾಗ ಈ ಮಾತು ನೆನಪಿಡಿ. ಅದು ತನ್ನ ಜನಕ್ಕಾಗಿ ಕಾದಿರಬಹುದು.

ಆದರೆ ಸಾಹೇಬರು ಬೇಡಿದ್ದು ಇದನ್ನಲ್ಲ. ಪ್ರತಿ ರವಿವಾರ ಟಾಂಗಾ ಹತ್ತಿಸುವಾಗ ನಾನು ಕೇಳುತ್ತಿದ್ದೆ, "ದನಿ ಬಂತೇನ್ರಿ?" ಅವರು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದರು.

ಕೊನೆಯ ಅಧ್ಯಾಯ ಒಂದೇ ಉಳಿದಾಗ ಅವರು, "ಇನ್ನ ಸಾಕ್ರಿ" ಎಂದುಬಿಟ್ಟರು. ಎಲ್ಲರೂ ಯಾಕೆ ಯಾಕೆ ಎಂದರು. ಸಾಹೇಬರು ನೆಲದ ಕಡೆ ಮುಖ ಮಾಡಿ, "ಮುಂದ ಆಕಿ ಸಾಯ್ತಾಳ್ರಿ" ಎಂದರು. ಅವರ ತಾಯಿಯ ಸುದ್ದಿ ಇಲ್ಲದ್ದು ಎಲ್ಲರಿಗೂ ಗೊತ್ತಿತ್ತು.

ಗುರುಸಿದ್ದಪ್ಪನವರು ಮಾತು ತೆಗೆದರು. "ನಮ್ಮ ಪದ್ಧತಿ ಹೇಳ್ತೇನ್ರಿ ಸಾಹೇಬ್ರ, ಆಮ್ಯಾಲ ನಿಮ್ಮ ಮನಸು. ಹಿಡದ ಪುರಾಣ ನಡುವ ಬಿಡಬಾರದು. ಸಾವಿನ ಮ್ಯಾಲ ನಿಲ್ಲಸಲೂಬಾರದು." ಹಾಗಾದರೆ ಸಾವಿನಲ್ಲೇ ಮುಗಿಯುವ ಪುಸ್ತಕವನ್ನು ಏನು ಮಾಡಬೇಕು? ಸಭೆ ಹಾಗೆಯೇ ಎದ್ದಿತು.

ಮುಂದಿನ ವಾರ ಟಾಂಗಾ ಖಾಲಿ ಬರುತ್ತದೆಂದುಕೊಂಡಿದ್ದೆ. ಸಾಹೇಬರು ಬಂದರು. "ವಾರದ ತುಂಬ ವಿಚಾರ ಮಾಡಿದ್ನಿ. ನಾ ಕೇಳಲಿಲ್ಲಂದ್ರ ಆಕಿ ಸಾಯೂದಿಲ್ಲೇನು? ಓದ್ರಿ ರುದ್ರಪ್ಪನವರ" ಎಂದು ಲೋಡಿಗೆ ಒರಗಿದರು.

ಓದಿದೆ. ಆ ಹೆಂಗಸು ಸಾಯುವುದರಲ್ಲೂ ಏನೂ ಆಡಂಬರವಿಲ್ಲ. ನೆಗಡಿ ಎದೆಗಿಳಿದು ಮಲಗುತ್ತಾಳೆ. ಸಾಹೇಬರು ಒಂದೊಂದೇ ವಾಕ್ಯಕ್ಕೆ ಅರ್ಥ ಹೇಳುತ್ತ ಕೊನೆಗೆ ಬಂದರು. "ತೂಬಿನ ಬಾಗಲಾ ಹಾಕೇತೇನು ಅಂತ ಕೇಳಿದಳು. ಹಾಕೇತಿ ಅಂದ್ರು. ಛಲೋ ಆತು ಅಂದಳು. ಅಷ್ಟ."

ಯಲ್ಲಪ್ಪ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. ಸಾಹೇಬರು ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದರು, "ಬರಲಿಲ್ಲ ನೋಡ್ರಿ. ಪುಸ್ತಕಾನೂ ಮುಗೀತು, ದನಿ ಬರಲಿಲ್ಲ."

ಆಗ ನನಗೆ ಅಪ್ಪ ನೆನಪಾದರು. ಅವರು ಯಾವ ಪುರಾಣ ಮುಗಿಸಿದರೂ ಪುಸ್ತಕ ಮುಚ್ಚುತ್ತಿರಲಿಲ್ಲ. ಕೊನೆಯ ಸಾಲು ಓದಿದವರು ಅದೇ ಉಸಿರಿಗೆ ಮೊದಲ ಪುಟಕ್ಕೆ ತಿರುಗಿ ನಾಲ್ಕು ಸಾಲು ಓದಿಯೇ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಹಾಗೆ ಮಾಡಿದರೆ ಪುರಾಣ ಮುಗಿದಂತಾಗುವುದಿಲ್ಲ ಎಂಬ ನಂಬಿಕೆ. ನನ್ನ ಕೈ ತಾನಾಗಿ ಹಾಳೆ ತಿರುವಿತು.

ಮೊದಲ ಪುಟದಲ್ಲಿ ಆ ಹೆಂಗಸು ಬೆಳಿಗ್ಗೆ ಬಾಗಿಲಲ್ಲಿ ನಿಂತು, ಒಡ್ಡಿನ ಮೇಲೆ ಆಡುತ್ತಿರುವ ಮೂವರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾಳೆ. ಕಾಲು ಒರೆಸಿಕೊಂಡು ಒಳಗೆ ಬನ್ನಿ, ರೊಟ್ಟಿ ಆರುತ್ತದೆ ಎನ್ನುತ್ತಾಳೆ. ಈ ಸಲ ರಾಗ ಹೊರಡಲೇ ಇಲ್ಲ. ಸುಮ್ಮನೆ ಮನೆಯಲ್ಲಿ ಮಾತನಾಡುವಂತೆ, ಮಕ್ಕಳನ್ನು ಕರೆಯುವಂತೆ ಓದಿದೆ. ಮೊದಲ ಹೆಸರು ಓದಿದೆ, ಎರಡನೆಯದನ್ನು ಓದಿದೆ. ಮೂರನೆಯದು ನನ್ನ ಬಾಯಿಗೆ ಬರುವ ಮೊದಲೇ ಸಾಹೇಬರು ಅದನ್ನು ಕೂಗಿದರು. ಎಳೆದ, ತೆಳ್ಳಗಿನ, ಸ್ವಲ್ಪ ಸಿಡುಕಿನ ಹೆಣ್ಣುದನಿಯಲ್ಲಿ ಕೂಗಿದರು. ಕಾಲು ಒರೆಸಿಕೊಳ್ಳುವ ಮಾತನ್ನೂ ರೊಟ್ಟಿಯ ಮಾತನ್ನೂ ಅದೇ ದನಿಯಲ್ಲಿ ಮುಗಿಸಿದರು. ನಾನು ಓದುವುದನ್ನು ಯಾವಾಗಲೋ ನಿಲ್ಲಿಸಿದ್ದೆ.

ಯಲ್ಲಪ್ಪ ಕಾದು ನೋಡಿದ. "ಸಾಹೇಬ್ರ, ಅರ್ಥಾ?" ಎಂದ.

"ಅರ್ಥಾ ಏನಿಲ್ಲೋ ಯಲ್ಲಪ್ಪ" ಎಂದರು ಸಾಹೇಬರು. ಅವರ ಕೆನ್ನೆಯೆಲ್ಲ ತೊಯ್ದಿತ್ತು. "ನಮ್ಮವ್ವ ಕರ್ಯಾಕತ್ತಾಳ."

ಗುರುಸಿದ್ದಪ್ಪನವರು ಎದ್ದು ಬಂದು ಅವರ ಕೈ ಹಿಡಿದುಕೊಂಡರು. ಸಾಹೇಬರೇ ಆ ಕೈಯನ್ನು ಬಿಗಿಹಿಡಿದು, ಕಣ್ಣೀರಿನಲ್ಲೇ ನಗುತ್ತ ಹೇಳಿದರು:

"ಮೊದಲನೇ ಪುಟಾ ಓದಿ ಆತಲ್ರಿ ಸಾವಕಾರ್ರ. ಹಿಡದ ಪುರಾಣ ನಡುವ ಬಿಡಬಾರದು ಅಂತೀರಿ. ಮುಂದಿನ ಐತವಾರ ಟಾಂಗಾ ಒಂದೀಟ ಲಗೂನ ಕಳಸ್ರಿ."